ಹಲಸೂರಿನ ವಠಾರ, ಇಂಗ್ಲೆಂಡಿನ ಕಾನೂನು

ಇಂಗ್ಲೆಂಡಿನ ಕಾನೂನನ್ನು ಕೆ.ಆರ್. ಪುರದಲ್ಲಿ ಕೂತು ಪಾಠ ಮಾಡುವವರಿಗೆ ವಾರಕ್ಕೊಂದಾದರೂ ಪೇಚಾಟ ಎದುರಾಗದೆ ಇರುವುದಿಲ್ಲ. ನನ್ನ ಹಣೆಬರಹಕ್ಕೆ ವಾರಕ್ಕೆ ಎರಡು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯವರಿಗೇ ಅದು ಇನ್ನೂ ಸರಿಯಾಗಿ ಗೊತ್ತಿಲ್ಲ. ನಮ್ಮ ಆಫೀಸಿಗೆ ಇಂಗ್ಲೆಂಡಿನ ವಕೀಲರು ತಮ್ಮ ಕರಾರುಪತ್ರಗಳನ್ನು ಕಳಿಸುತ್ತಾರೆ. ಇಲ್ಲಿನವರು ಅವನ್ನು ಓದಿ, ಎಲ್ಲೆಲ್ಲಿ ತೊಡಕಿದೆ ಎಂದು ಗುರುತು ಹಾಕಿ ವಾಪಸು ಕಳಿಸಬೇಕು. ಅಲ್ಲಿನ ಕಾನೂನು ಗೊತ್ತಿಲ್ಲದೆ ಇದು ಆಗುವ ಮಾತಲ್ಲ. ಆದ್ದರಿಂದ ಹೊಸದಾಗಿ ಸೇರಿದವರಿಗೆ ಎಂಟು ವಾರ ನನ್ನ ಪಾಠ. ಅಲ್ಲಿನ ಕಾನೂನು ಎಲ್ಲೆಲ್ಲಿಂದ ಹುಟ್ಟುತ್ತದೆ, ಯಾವ ಕೋರ್ಟಿನ ಮೇಲೆ ಯಾವ ಕೋರ್ಟು, ಒಬ್ಬ ಜಡ್ಜು ಹೇಳಿದ್ದನ್ನು ಇನ್ನೊಬ್ಬ ಜಡ್ಜು ಯಾಕೆ ಕೇಳಬೇಕು, ಇಷ್ಟು. ಕೊನೆಗೆ ಅಲ್ಲಿಂದಲೇ ಪ್ರಶ್ನೆಪತ್ರಿಕೆ ಬರುತ್ತದೆ. ಪಾಸಾದವರಿಗೆ ಕೆಲಸ ಖಾಯಂ. ಆಗದವರು ಮನೆಗೆ.

ನಾನು ಗದಗ ಕಡೆಯವಳು. ಜೀವನ್ ಬಿಮಾ ನಗರದಲ್ಲಿ ಬಾಡಿಗೆಗಿದ್ದೇನೆ. ಪಾಠವೆಲ್ಲ ಇಂಗ್ಲಿಷಿನಲ್ಲೇ ಆಗಬೇಕೆಂಬ ನಿಯಮವಿದ್ದರೂ, ಎದುರಿಗೆ ಕೂತವರ ಮುಖ ಸಪ್ಪಗಾದ ಕೂಡಲೇ ನನ್ನ ಬಾಯಿಗೆ ಕನ್ನಡ ಬಂದುಬಿಡುತ್ತದೆ.

ಕಳೆದ ತಂಡದಲ್ಲಿ ಇದ್ದವರು ಇಬ್ಬರೇ. ಒಬ್ಬಳು ಶಿವಾಜಿನಗರದವಳು. ಆಗತಾನೆ ಲಾ ಮುಗಿಸಿದ್ದಳು, ಮಾತಿನಲ್ಲಿ ಬಲು ಚುರುಕು. ಇನ್ನೊಬ್ಬರಿಗೆ ನಲವತ್ತೇಳು ವರ್ಷ, ನನಗಿಂತ ದೊಡ್ಡವರು. ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ಅಕ್ಕ ಹಲಸೂರಿನ ಹಳೇ ಮನೆತನದ ಸೊಸೆ. ಅವರ ಮಾವನ ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಎಂಟು ಬಾಡಿಗೆ ಮನೆಗಳ ವಠಾರವಿದೆ. ಮದುವೆಯಾದಾಗಿನಿಂದ ಅದನ್ನು ನೋಡಿಕೊಂಡವರು ಇವರೇ.

ಮೊದಲ ದಿನವೇ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ನೋಡಿ ಮೇಡಂ, ಎಲ್.ಎಲ್.ಬಿ. ಮುಗಿಸಿದ ವರ್ಷಾನೇ ಮದ್ವೆ ಆಗ್ಹೋಯ್ತು. ಇಪ್ಪತ್ತೆರಡು ವರ್ಷದಿಂದ ಓನರ್ ಆಂಟಿ, ಓನರ್ ಆಂಟಿ ಅನ್ನಿಸ್ಕೊಂಡು ಸಾಕಾಗಿದೆ. ಈ ಕೆಲಸ ನಂಗೆ ಖಾಯಂ ಆಗ್ಲೇಬೇಕು. ಆಗ್ಲಿಲ್ಲ ಅಂದ್ರೆ ಮತ್ತೆ ಮೋಟರ್ ಯಾರು ಆಫ್ ಮಾಡ್ಲಿಲ್ಲ ಅಂತ ಕೂಗಾಡ್ಕೊಂಡು ಇರೋದೇ."

"ಆಗ್ತದ ಬಿಡ್ರೀ ಅಕ್ಕಾ, ನಾ ಇದ್ದೀನಲ್ಲ" ಎಂದೆ. ಹಾಗೆ ಧೈರ್ಯ ಹೇಳಿದ್ದಕ್ಕೆ ಮುಂದೆ ಎಂಟು ವಾರ ನನಗೇ ಧೈರ್ಯವಿರಲಿಲ್ಲ.

ಬರೆದಿಡದ ಸಂವಿಧಾನ

ಮೊದಲ ಪಾಠ. "ಇಂಗ್ಲೆಂಡಿನವರಿಗೆ ನಮ್ಮ ಹಾಗೆ ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನ ಇಲ್ಲ" ಎಂದೆ.

ಶಿವಾಜಿನಗರದವಳು ಪೆನ್ನು ಕೆಳಗಿಟ್ಟಳು. "ಅರೆ, ನಮ್ಗೆ ಇಷ್ಟು ದಪ್ಪ ಪುಸ್ತಕ ಬರೆಯೋ ಹಾಗೆ ಮಾಡಿ, ಅವ್ರು ಬರೀಲೇ ಇಲ್ವಾ ಮ್ಯಾಮ್? ಮತ್ತೆ ದೇಶ ಹೆಂಗೆ ನಡೀತದೆ?"

ಕೆಲವು ಹಳೇ ದಾಖಲೆಗಳು, ಪಾರ್ಲಿಮೆಂಟಿನ ಕಾಯ್ದೆಗಳು, ಕೋರ್ಟಿನ ತೀರ್ಪುಗಳು, ಮತ್ತೆ ಒಂದಿಷ್ಟು ಸಂಪ್ರದಾಯ, ಎಲ್ಲ ಸೇರಿ ನಡೆಯುತ್ತದೆ ಎಂದೆ. ಸಂಪ್ರದಾಯಕ್ಕೆ ಉದಾಹರಣೆಯಾಗಿ ರಾಜನ ಸಹಿಯ ಬಗ್ಗೆ ಹೇಳಿದೆ. ಪಾರ್ಲಿಮೆಂಟು ಪಾಸು ಮಾಡಿದ ಮಸೂದೆಗೆ ರಾಜ ಒಪ್ಪಿಗೆ ಕೊಟ್ಟ ಮೇಲೇ ಅದು ಕಾಯ್ದೆ. ಒಪ್ಪುವುದಿಲ್ಲ ಎನ್ನಲು ಕಾಗದದ ಮೇಲೆ ಅವನಿಗೆ ಅಧಿಕಾರವಿದೆ. ಆದರೆ ಮುನ್ನೂರು ವರ್ಷದಿಂದ ಅಲ್ಲಿ ಯಾರೂ ಹಾಗೆ ಅಂದಿಲ್ಲ.

"ಅಧಿಕಾರ ಇದ್ಮೇಲೆ ಯಾಕನ್ನಲ್ಲ?" ಎಂದು ಅವಳು ಪಟ್ಟು ಹಿಡಿದಳು. ಅಷ್ಟರಲ್ಲಿ ಅಕ್ಕ ಬಾಯಿ ಹಾಕಿದರು.

"ಅದ್ರಲ್ಲೇನಿದೆಯಮ್ಮಾ? ನಮ್ಮ ವಠಾರ ಇರೋದು ಮಾವನೋರ ಹೆಸ್ರಲ್ಲಿ. ಅಗ್ರಿಮೆಂಟಿಗೆ ಸೈನ್ ಹಾಕೋರು ಅವ್ರೇ. ಬೇಡ ಅನ್ನೋ ಅಧಿಕಾರಾನೂ ಅವ್ರಿಗಿದೆ. ಆದ್ರೆ ಅತ್ತೆ ಒಪ್ಪಿದ ಮೇಲೆ ಅವ್ರು ಬೇಡ ಅನ್ನಲ್ಲ."

"ಯಾವತ್ತೂ ಅಂದೇ ಇಲ್ವಾ ಅಕ್ಕ?"

"ಒಂದೇ ಒಂದ್ ಸಲ ಅಂದ್ರು. ಆಮೇಲೆ ಮೂರು ದಿನ ಮನೇಲಿ ಎರಡು ಹೊತ್ತೂ ಬರೀ ಹಾಗಲಕಾಯಿ ಸಾರು. ನಾಲ್ಕನೇ ದಿನ ಬೆಳಗ್ಗೆ ಸೈನ್ ಬಿತ್ತು."

ಮನೆ ಪಾಲಾದ ಮೇಲೆ

ನಾನು ಈ ಪಾಠ ಶುರು ಮಾಡಿದ ಹೊಸದರಲ್ಲಿ ಇಂಗ್ಲೆಂಡಿನ ಕಾನೂನಿಗೆ ಯುರೋಪಿನ ಕಾನೂನೂ ಒಂದು ಮೂಲವಾಗಿತ್ತು. ಬಹಳ ಮುತುವರ್ಜಿಯಿಂದ ಎರಡು ವಾರದ ನೋಟ್ಸ್ ಮಾಡಿಟ್ಟುಕೊಂಡಿದ್ದೆ. ಆಮೇಲೆ ಅವರು ನನ್ನನ್ನು ಒಂದು ಮಾತು ಕೇಳದೆ ಯುರೋಪಿನ ಒಕ್ಕೂಟ ಬಿಟ್ಟು ಹೊರಗೆ ಬಂದರು. ನಾನು ನೋಟ್ಸ್ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಆಮೇಲೆ ನೋಡಿದರೆ, ಹೊರಗೆ ಬಂದರೂ ಆ ಕಾನೂನಿನಲ್ಲಿ ಎಷ್ಟೋ ಭಾಗವನ್ನು ತಾವೇ ಬದಲಾಯಿಸುವ ತನಕ ಉಳಿಸಿಕೊಂಡಿದ್ದಾರೆ ಎಂದು ಗೊತ್ತಾಯಿತು. ಮತ್ತೆ ಏಣಿ ಹತ್ತಿದೆ.

ಇದನ್ನು ತರಗತಿಯಲ್ಲಿ ಅರ್ಧ ಗಂಟೆ ವಿವರಿಸಿದೆ. ಬೋರ್ಡಿನ ಮೇಲೆ ಬಾಣದ ಗುರುತುಗಳೆಲ್ಲ ಒಂದರ ಮೇಲೊಂದು ಬಿದ್ದು ನನಗೇ ಗೊಂದಲವಾಯಿತು. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದರು.

"ಮನೆ ಪಾಲಾಯ್ತು, ಬೇರೆ ಒಲೆ ಹೂಡಿದ್ರು. ಆದ್ರೆ ಪಾತ್ರೆಗಳ ಮೇಲೆ ಇನ್ನೂ ದೊಡ್ಡ ಮನೆಯವ್ರ ಹೆಸ್ರೇ ಇದೆ. ಅಷ್ಟೇ ತಾನೇ ಮೇಡಂ?"

ಅಷ್ಟೇ. ನಾನು ಬೋರ್ಡು ಒರೆಸಿ, ಹದಿನೈದು ನಿಮಿಷ ಮುಂಚೆ ಪಾಠ ಮುಗಿಸಿದೆ. ಅಟ್ಟದ ನೋಟ್ಸನ್ನು ಅವತ್ತೇ ರದ್ದಿಗೆ ಹಾಕಿದೆ.

ಅಜ್ಜಿಯ ಹಲ್ಲು

ಮುಂದಿನದು ಪೂರ್ವನಿದರ್ಶನ. ಮೇಲಿನ ಕೋರ್ಟು ಒಂದು ಪ್ರಕರಣದಲ್ಲಿ ಒಂದು ಕಾರಣ ಕೊಟ್ಟು ತೀರ್ಪು ಹೇಳಿದರೆ, ಅಂಥದೇ ಪ್ರಕರಣ ಮತ್ತೆ ಬಂದಾಗ ಕೆಳಗಿನ ಕೋರ್ಟು ಅದನ್ನೇ ಅನುಸರಿಸಬೇಕು. ಇಂಗ್ಲೆಂಡಿನ ಕಾನೂನಿನ ಬೆನ್ನೆಲುಬು ಇದು. ಸೋಮವಾರ ಬೆಳಗ್ಗೆ ಇದನ್ನು ಚೆನ್ನಾಗಿ ಮನಸ್ಸಿಗೆ ನಾಟುವ ಹಾಗೆ ಪಾಠ ಮಾಡಿದೆ. ಸೋಮವಾರ ಮಧ್ಯಾಹ್ನವೇ ಮ್ಯಾನೇಜರ್ ನನ್ನನ್ನು ಕರೆಸಿದರು.

ನಮ್ಮ ಮ್ಯಾನೇಜರ್ ದಾವಣಗೆರೆಯವರು. ಲಾ ಓದಿದವರಲ್ಲ, ಲೆಕ್ಕದ ಮನುಷ್ಯ. ಅವರ ಕೈಯಲ್ಲಿ ಶಿವಾಜಿನಗರದವಳ ಅರ್ಜಿಯಿತ್ತು. ಹಿಂದಿನ ವಾರ ಅಕ್ಕನಿಗೆ, ಮಾವನ ಕಣ್ಣಿನ ಪೊರೆ ಆಪರೇಷನ್ ಎಂದು ಮೂರು ಗಂಟೆಗೇ ಮನೆಗೆ ಹೋಗಲು ಅವರು ಅನುಮತಿ ಕೊಟ್ಟಿದ್ದರು. ಇವಳು ಅದನ್ನೇ ಹಿಡಿದು, "ಅಕ್ಕನ ಪ್ರಕರಣದಲ್ಲಿ ತಾವು ನೀಡಿದ ತೀರ್ಪಿಗೆ ತಾವು ಬದ್ಧರಾಗಿರುವುದರಿಂದ, ನನ್ನ ಅಜ್ಜಿಯ ಹಲ್ಲು ಕೀಳಿಸುವ ಸಲುವಾಗಿ ನಾಳೆ ಮೂರಕ್ಕೆ ಹೊರಡುತ್ತಿದ್ದೇನೆ" ಎಂದು ಬರೆದಿದ್ದಳು. ಅನುಮತಿ ಕೇಳಿರಲಿಲ್ಲ, ತಿಳಿಸಿದ್ದಳು.

"ಏನ್ ಮೇಡಂ ಇದು, ಏನ್ ಕಲಿಸ್ತಾ ಇದೀರಿ ಇವ್ರಿಗೆ?" ಎಂದು ಮ್ಯಾನೇಜರ್ ರೇಗಿದರು. "ಕಣ್ಣು ಬೇರೆ, ಹಲ್ಲು ಬೇರೆ. ಅವ್ರ ಮಾವಂಗೆ ಆಪರೇಷನ್ ಆದ್ಮೇಲೆ ಕಣ್ಣು ಕಾಣಲ್ಲ, ಕೈ ಹಿಡ್ಕೊಂಡು ಕರ್ಕೊಂಡು ಹೋಗೋಕೆ ಜನ ಬೇಕಿತ್ತು. ಹಲ್ಲು ಕೀಳಿಸ್ಕೊಂಡವ್ರು ನಡ್ಕೊಂಡು ಬರ್ತಾರೆ!"

ನನಗೆ ಬೈಸಿಕೊಳ್ಳುವುದು ಮರೆತುಹೋಗಿ ಸಂತೋಷವಾಯಿತು. ಹಿಂದಿನ ತೀರ್ಪು ಇಲ್ಲಿಗೆ ಯಾಕೆ ಹೊಂದುವುದಿಲ್ಲ ಎಂದು ವ್ಯತ್ಯಾಸ ತೋರಿಸುವುದನ್ನು ಕಲಿಸಲು ನಾನು ಒಂದು ವಾರ ಇಟ್ಟುಕೊಂಡಿದ್ದೆ. ಈ ಮನುಷ್ಯ ಪಾಠವಿಲ್ಲದೆ ಅದನ್ನು ಮಾಡಿ ತೋರಿಸಿದ್ದರು. "ಸಾರ್, ನೀವು ಜಡ್ಜ್ ಆಗ್ಬೇಕಾಗಿತ್ತ್ರೀ" ಎಂದೆ. ಅವರಿಗೆ ಇನ್ನೂ ಸಿಟ್ಟು ಬಂತು.

ಶಿವಾಜಿನಗರದವಳು ಅಷ್ಟಕ್ಕೆ ಬಿಡುವವಳಲ್ಲ. ಮೇಲ್ಮನವಿಗೆ ಅವಕಾಶವಿದೆ ಎಂದೂ ನಾನೇ ಕಲಿಸಿದ್ದೆನಲ್ಲ, ಅರ್ಜಿ ಎಚ್.ಆರ್. ವಿಭಾಗಕ್ಕೆ ಹೋಯಿತು. ಮರುದಿನ ಬೆಳಗ್ಗೆ ತೀರ್ಪು ಬಂತು. ಮ್ಯಾನೇಜರ್ ಹೇಳಿದ್ದು ಸರಿ, ಆದರೆ ಬೇರೆ ಕಾರಣಕ್ಕೆ. ಸೇರಿದ ಎರಡನೇ ವಾರದಲ್ಲಿ ಇದೇ ಅಜ್ಜಿಗೆ ಪೂರ್ತಿ ಹಲ್ಲಿನ ಸೆಟ್ ಹಾಕಿಸಬೇಕೆಂದು ಇವಳು ಒಂದು ದಿನದ ರಜೆ ತೆಗೆದುಕೊಂಡಿದ್ದು ದಾಖಲೆಯಲ್ಲಿತ್ತು. ಆಮೇಲೆ ಕೀಳಲು ಅಜ್ಜಿಯ ಬಾಯಲ್ಲಿ ಯಾವ ಹಲ್ಲು ಉಳಿದಿತ್ತು ಎಂದು ಎಚ್.ಆರ್. ಕೇಳಿತ್ತು.

ಮೈಕ್ರೋವೇವಿನ ಕಾಯ್ದೆ

ಊಟದ ಕೋಣೆಯಲ್ಲಿ ಮ್ಯಾನೇಜರ್ ಸ್ವಂತ ಕೈಯಿಂದ ಒಂದು ಕಾಗದ ಅಂಟಿಸಿದ್ದರು: "ಮೈಕ್ರೋವೇವಿನಲ್ಲಿ ಮೀನು ಬಿಸಿ ಮಾಡಬಾರದು." ಇದನ್ನು ನಾನು ಪಾಠಕ್ಕೆ ಬಳಸಿಕೊಂಡೆ. ಪಾರ್ಲಿಮೆಂಟು ಕಾಯ್ದೆ ಬರೆಯುತ್ತದೆ, ಆದರೆ ಅದರ ಅರ್ಥ ಹೇಳುವವರು ಜಡ್ಜುಗಳು. ಅರ್ಥ ಹೇಳುವುದಕ್ಕೆ ಅವರಿಗೆ ಕೆಲವು ದಾರಿಗಳಿವೆ.

ಅವತ್ತು ಊಟಕ್ಕೆ ಅಲ್ಲೇ ಕೂತಿದ್ದೆವು, ಶಿವಾಜಿನಗರದವಳ ಡಬ್ಬಿಯಲ್ಲಿ ಸಿಗಡಿ ಇತ್ತು. "ಅಕ್ಷರ ಹಿಡಿದು ಓದಿದ್ರೆ ಸಿಗಡಿ ಮೀನಲ್ಲ ಮ್ಯಾಮ್. ಬಿಸಿ ಮಾಡ್ಬೋದು" ಎಂದು ಎದ್ದಳು.

"ಕೂತ್ಕೋ" ಎಂದರು ಅಕ್ಕ. "ಯಾವ ತೊಂದ್ರೆ ತಪ್ಪಿಸೋಕೆ ಈ ನಿಯಮ ಮಾಡಿದ್ರು ಅಂತಾನೂ ನೋಡ್ಬೇಕು ಅಂತ ಮೇಡಂ ಹೇಳ್ಲಿಲ್ವಾ? ವಾಸ್ನೆ ತಪ್ಪಿಸೋಕೆ. ಹಂಗೆ ನೋಡಿದ್ರೆ ಸಿಗಡೀನೂ ಬಂತು."

"ಹಂಗಾದ್ರೆ ವಾಸ್ನೆ ಬರೋದೆಲ್ಲಾ ಬಂತು" ಎಂದಳು ಅವಳು. ಮಾತು ಮುಗಿದಿರಲಿಲ್ಲ, ಮೈಕ್ರೋವೇವ್ ಕುಂಯ್ ಎಂದಿತು. ಬಾಗಿಲು ತೆಗೆದವರು ಮ್ಯಾನೇಜರ್. ಒಳಗಿದ್ದದ್ದು ಅವರ ಮನೆಯ ಬೆಳ್ಳುಳ್ಳಿ ಚಟ್ನಿ ಹಚ್ಚಿದ ರೊಟ್ಟಿ. ಅದರ ಘಾಟು ಲಿಫ್ಟಿನ ತನಕ ಹೋಯಿತು. ನಾವು ಮೂವರೂ ಗೋಡೆಯ ಕಾಗದದ ಕಡೆ ನೋಡಿದೆವು. ಅವರೂ ನೋಡಿದರು.

ಮರುದಿನ ಕಾಗದದ ಕೆಳಗೆ ಹೊಸದಾಗಿ ಒಂದು ಸಾಲು ಬಂದಿತ್ತು: "ಈ ನಿಯಮವು ಬೆಳ್ಳುಳ್ಳಿಗೆ ಅನ್ವಯಿಸುವುದಿಲ್ಲ."

"ಪಾರ್ಲಿಮೆಂಟು ಯಾವಾಗ ಬೇಕಾದ್ರೂ ಯಾವ ಕಾಯ್ದೆ ಬೇಕಾದ್ರೂ ಮಾಡ್ಬೋದು ಅಂದ್ರಲ್ಲ ಮೇಡಂ, ನಿನ್ನೆ ತನಕ ನಾನು ನಂಬಿರ್ಲಿಲ್ಲ" ಎಂದರು ಅಕ್ಕ.

ಪಠ್ಯದಲ್ಲಿ ಇಲ್ಲದ ಹೆಂಗಸು

ಲಿಖಿತ ಪರೀಕ್ಷೆ ಆಯಿತು. ಶಿವಾಜಿನಗರದವಳು ಪಾಸಾದಳು, ಅದೂ ಒಳ್ಳೇ ಅಂಕ ತೆಗೆದುಕೊಂಡು. ಅಕ್ಕ ಫೇಲಾದರು.

ನನಗೆ ನಂಬಲಾಗಲಿಲ್ಲ. ಉತ್ತರಪತ್ರಿಕೆ ತರಿಸಿ ನೋಡಿದೆ. ಒಂದು ಪ್ರಶ್ನೆ ಈಕ್ವಿಟಿಯ ಮೇಲಿತ್ತು. ಹಿಂದೆ ಅಲ್ಲಿನ ರಾಜನ ಕೋರ್ಟುಗಳು ನಿಯಮ ಬಿಟ್ಟು ಒಂದು ಹೆಜ್ಜೆ ಆಚೀಚೆ ಇಡುತ್ತಿರಲಿಲ್ಲ. ನ್ಯಾಯ ಸಿಗದವರು ರಾಜನ ಮಂತ್ರಿಯಾದ ಚಾನ್ಸಲರ್ ಹತ್ತಿರ ಹೋಗಿ ಗೋಳು ಹೇಳಿಕೊಳ್ಳುತ್ತಿದ್ದರು. ಅವನು ಮನಸ್ಸಾಕ್ಷಿಗೆ ಸರಿಕಂಡ ಪರಿಹಾರ ಕೊಡುತ್ತಿದ್ದ. ಹಾಗೆ ಬೆಳೆದ ಕಾನೂನಿಗೆ ಈಕ್ವಿಟಿ ಎಂದು ಹೆಸರು. ನಿಯಮಕ್ಕೂ ಈಕ್ವಿಟಿಗೂ ಜಗಳ ಬಂದರೆ ಈಕ್ವಿಟಿಯದೇ ಮೇಲುಗೈ. ಇದನ್ನು ಉದಾಹರಣೆಯೊಂದಿಗೆ ವಿವರಿಸಿ ಎಂದು ಕೇಳಿದ್ದರು.

ಅಕ್ಕನ ಉತ್ತರ ಶುರುವಾಗಿದ್ದೇ "ನನ್ನ ಅತ್ತೆಯವರನ್ನು ತೆಗೆದುಕೊಳ್ಳಿ" ಎಂದು. ಮಾವನವರು ಒಂದನೇ ತಾರೀಕಿಗೇ ಬಾಡಿಗೆ ಬರಬೇಕೆಂಬ ನಿಯಮ ಬಿಡದ ಮನುಷ್ಯ. ಕಷ್ಟದಲ್ಲಿರುವ ಬಾಡಿಗೆದಾರರು ಹಿತ್ತಲ ಬಾಗಿಲಿಂದ ಬಂದು ಅತ್ತೆಗೆ ಹೇಳಿಕೊಳ್ಳುತ್ತಾರೆ. ಅತ್ತೆ ಅವರವರ ನಡತೆ ನೋಡಿ ಗಡುವು ಕೊಡುತ್ತಾರೆ. ಇಬ್ಬರ ಮಾತು ಬೇರೆಯಾದರೆ ಅತ್ತೆಯದೇ ನಡೆಯುತ್ತದೆ. ಹೀಗೇ ಎರಡು ಪುಟ. ಪಕ್ಕದ ಖಾಲಿ ಜಾಗದಲ್ಲಿ ಪರೀಕ್ಷಕರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ಈ ಹೆಂಗಸು ಯಾರು? ಪಠ್ಯದಲ್ಲಿ ಇಲ್ಲ."

ಉಳಿದ ಉತ್ತರಗಳೂ ಹಾಗೇ. ಅಕ್ಕನಿಗೆ ಎಲ್ಲ ಗೊತ್ತಿತ್ತು, ಆದರೆ ಒಂದು ಕಾಯ್ದೆಯ ಹೆಸರಿಲ್ಲ, ಒಂದು ಪ್ರಕರಣದ ಹೆಸರಿಲ್ಲ. ಇಡೀ ಇಂಗ್ಲೆಂಡೇ ಹಲಸೂರಿನ ಎಂಟು ಮನೆಗಳಲ್ಲಿ ಬಾಡಿಗೆಗಿತ್ತು.

ತಪ್ಪು ನನ್ನದೇ. ವಠಾರದ ಉದಾಹರಣೆ ಬಂದಾಗಲೆಲ್ಲ ಭೇಷ್ ಎಂದು ಹುರಿದುಂಬಿಸಿದವಳು ನಾನು. ಪಾಠ ಬೇಗ ಮುಗಿಯುತ್ತದೆಂದು ಖುಷಿಪಟ್ಟವಳೂ ನಾನೇ. ಅವತ್ತು ಅಕ್ಕ ಊಟದ ಡಬ್ಬಿ ತೆಗೆಯಲಿಲ್ಲ. "ಮಾವನೋರು ಆಸೆ ತೀರಿತಲ್ಲ, ಬಂದ್ಬಿಡು ಅಂತಿದಾರೆ ಮೇಡಂ" ಎಂದು ಕಿಟಕಿಯ ಕಡೆ ತಿರುಗಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

ನಿಯಮದ ಪ್ರಕಾರ ಇನ್ನೊಂದು ಅವಕಾಶವಿತ್ತು, ಕೊನೆಯದು. ಅಲ್ಲಿನ ಪರೀಕ್ಷಕರ ಎದುರು ವಿಡಿಯೋ ಕರೆಯಲ್ಲಿ ಬಾಯಿಮಾತಿನ ಪರೀಕ್ಷೆ. ಒಂದು ವಾರ ಊಟದ ಹೊತ್ತೆಲ್ಲ ಅಕ್ಕನನ್ನು ಕೂರಿಸಿಕೊಂಡು ತಿದ್ದಿದೆ. ಕಾಯ್ದೆ ಮೊದಲು, ತೀರ್ಪು ಆಮೇಲೆ. ವಠಾರದ ಸುದ್ದಿ ಎತ್ತಬಾರದು. "ಮುಖ್ಯವಾಗಿ ಅಕ್ಕಾ, ಅತ್ತೆಯವರ ಹೆಸರು ಬಾಯಾಗ ಬರಬಾರದು" ಎಂದೆ.

"ಇಪ್ಪತ್ತೆರಡು ವರ್ಷದಿಂದ ನಾನು ಅದನ್ನೇ ಪ್ರಯತ್ನ ಮಾಡ್ತಾ ಇದೀನಿ ಮೇಡಂ" ಎಂದರು ಅಕ್ಕ.

ಬಾಡಿಗೆದಾರನ ವಕೀಲರು

ಪರೀಕ್ಷೆ ಮಧ್ಯಾಹ್ನ ಮೂರೂವರೆಗೆ. ನಾನು ಸಾಕ್ಷಿಯಾಗಿ ಕೋಣೆಯಲ್ಲಿ ಕೂರಬಹುದು, ಆದರೆ ತುಟಿ ಬಿಚ್ಚಬಾರದು, ತಲೆ ಕೂಡ ಆಡಿಸಬಾರದು. ಶಿವಾಜಿನಗರದವಳು ಗಾಜಿನ ಬಾಗಿಲಾಚೆ ನಿಂತು ಎರಡೂ ಕೈಯೆತ್ತಿ ದುವಾ ಮಾಡುತ್ತಿದ್ದಳು. ಅವಳ ಹಿಂದೆ ಮ್ಯಾನೇಜರ್ ಏನೋ ಕಾಗದ ಹುಡುಕುವವರ ಹಾಗೆ ಹತ್ತು ನಿಮಿಷದಿಂದ ಅಲ್ಲೇ ಸುಳಿದಾಡುತ್ತಿದ್ದರು.

ಪರದೆಯ ಮೇಲೆ ಬಿಳಿ ಗಡ್ಡದ ಹಿರಿಯರೊಬ್ಬರು ಕಾಣಿಸಿಕೊಂಡರು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ನನ್ನ ನೆನಪಿನಲ್ಲಿ ಅದು ಕನ್ನಡದಲ್ಲೇ ಉಳಿದಿದೆ.

"ಒಂದೇ ಪ್ರಶ್ನೆ ಕೇಳುತ್ತೇನೆ. ಗಾಬರಿ ಬೇಡ" ಎಂದರು ಅವರು. "ಒಬ್ಬ ಮನೆ ಮಾಲೀಕ. ತನ್ನ ಹತ್ತಿರ ಇರುವ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದು, ಹೇಳದೆ ಕೇಳದೆ ಬಾಡಿಗೆದಾರನ ಮನೆಯೊಳಗೆ ಹೋಗುತ್ತಾನೆ. ಕೇಳಿದರೆ, ಈ ಕಟ್ಟಡದಲ್ಲಿ ಮೊದಲಿಂದ ಇದೇ ಪದ್ಧತಿ ಎನ್ನುತ್ತಾನೆ. ಬಾಡಿಗೆದಾರ ನಿಮ್ಮ ಹತ್ತಿರ ಬಂದಿದ್ದಾನೆ. ಕಾನೂನಿನ ಯಾವ ಯಾವ ಮೂಲ ಹಿಡಿದು, ಏನು ಸಲಹೆ ಕೊಡುತ್ತೀರಿ?"

ನನಗೆ ಒಳಗೊಳಗೇ ಖುಷಿಯಾಯಿತು. ಕಾಯ್ದೆ, ತೀರ್ಪು, ಈಕ್ವಿಟಿ, ಪದ್ಧತಿ, ನಾವು ಓದಿದ್ದೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಆಮೇಲೆ ಅಕ್ಕನ ಮುಖ ನೋಡಿದೆ. ಗಾಬರಿಯೆಲ್ಲ ಮಾಯವಾಗಿ, ಬೆನ್ನು ನೆಟ್ಟಗಾಗಿ, ವಠಾರದ ಗೇಟಿನಲ್ಲಿ ನಿಂತ ಓನರ್ ಆಂಟಿ ಅಲ್ಲಿ ಕೂತಿದ್ದರು.

"ಓನರ್ ಯಾಕೆ ಒಳಗೆ ಹೋದ್ರು ಅಂತ ವಿಚಾರಿಸಿದ್ರಾ ಸಾರ್?" ಎಂದರು ಅಕ್ಕ.

"ಅದು ಪ್ರಶ್ನೆಯಲ್ಲಿ ಇಲ್ಲ."

"ಸುಮ್ಸುಮ್ನೆ ಯಾವ ಓನರೂ ಹೋಗಲ್ಲ ಸಾರ್. ಸಿಂಕ್ ಕಟ್ಕೊಂಡಿರತ್ತೆ, ಕೆಳಗಿನ ಮನೆ ಗೋಡೆ ಒದ್ದೆ ಆಗಿರತ್ತೆ. ಫೋನ್ ಮಾಡಿದ್ರೆ ಈ ಮಹಾರಾಯ ಎತ್ತಿರಲ್ಲ. ಅಂದಂಗೆ, ಇವ್ರು ಫ್ಯಾಮಿಲಿನಾ ಬ್ಯಾಚಲರ್ರಾ?"

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. "ಅದೂ ಪ್ರಶ್ನೆಯಲ್ಲಿ ಇಲ್ಲ. ಮೇಡಂ, ಒಂದು ವಿಷಯ ನೆನಪಿಸುತ್ತೇನೆ. ನೀವು ಇಲ್ಲಿ ಮಾಲೀಕನ ಕಡೆಯವರಲ್ಲ. ನೀವು ಬಾಡಿಗೆದಾರನ ವಕೀಲರು."

ಮುಗಿಯಿತು, ಮಣ್ಣು ಪಾಲಾಯಿತು ಎಂದುಕೊಂಡೆ. ಗಾಜಿನಾಚೆ ಶಿವಾಜಿನಗರದವಳು ಕಣ್ಣು ಮುಚ್ಚಿಕೊಂಡಿದ್ದಳು.

"ಸಾರ್, ಅವ್ರ ಕಡೆ ನಿಂತು ನಾನು ಇವತ್ತಿನ ತನಕ ಯೋಚ್ನೆ ಮಾಡಿಲ್ಲ" ಎಂದರು ಅಕ್ಕ ನಿಧಾನವಾಗಿ. "ಒಂದ್ ನಿಮಿಷ ಟೈಮ್ ಕೊಡಿ."

ಒಂದು ನಿಮಿಷ ಆಯಿತು. ಅಕ್ಕ ಸೆರಗು ಸರಿಮಾಡಿಕೊಂಡು ಶುರು ಮಾಡಿದರು.

ಮೊದಲು ಕಾಯ್ದೆ, ಯಾಕೆಂದರೆ ಪಾರ್ಲಿಮೆಂಟಿನ ಮಾತೇ ಎಲ್ಲಕ್ಕಿಂತ ಮೇಲೆ ಎಂದರು. ಅದರ ಹೆಸರನ್ನೂ ಸರಿಯಾಗಿ ಹೇಳಿದರು. ಮನೆಯ ಸ್ಥಿತಿ ನೋಡಲು ಮಾಲೀಕ ಹೋಗಬಹುದು, ಆದರೆ ಇಪ್ಪತ್ನಾಲ್ಕು ಗಂಟೆ ಮುಂಚೆ ಬರೆದು ತಿಳಿಸಿ, ಹೊತ್ತು ನೋಡಿ ಹೋಗಬೇಕು. ನೀರು ನುಗ್ಗುತ್ತಿದ್ದರೆ, ಬೆಂಕಿ ಬಿದ್ದಿದ್ದರೆ ಬೇರೆ ಮಾತು. ಇಷ್ಟನ್ನು ಹೇಳುವಾಗ ಅವರ ಮುಖ ಕಹಿ ಔಷಧಿ ಕುಡಿದವರ ಹಾಗಿತ್ತು. ಎರಡನೆಯದು ತೀರ್ಪುಗಳು. ಬಾಡಿಗೆದಾರ ತನ್ನ ಮನೆಯಲ್ಲಿ ತೊಂದರೆಯಿಲ್ಲದೆ ಇರುವ ಹಕ್ಕು ಕರಾರಿನಲ್ಲಿ ಬರೆಯದಿದ್ದರೂ ಅದರೊಳಗೆ ಇದ್ದೇ ಇದೆ ಎಂದು ಜಡ್ಜುಗಳು ಹಿಂದಿನಿಂದ ಹೇಳುತ್ತ ಬಂದಿದ್ದಾರೆ, ಕೆಳಗಿನ ಕೋರ್ಟು ಅದನ್ನು ಮೀರುವ ಹಾಗಿಲ್ಲ. ಮೂರನೆಯದು ಈಕ್ವಿಟಿ. ಪರಿಹಾರ ಕೊಟ್ಟರೂ ಮಾಲೀಕ ಬರುವುದು ಬಿಡದಿದ್ದರೆ, ಇನ್ನು ಮುಂದೆ ಬರಬಾರದೆಂದು ತಡೆಯಾಜ್ಞೆ ಕೇಳಬಹುದು. ಆದರೆ ಅದನ್ನು ಕೊಡುವುದು ಬಿಡುವುದು ಕೋರ್ಟಿನ ಇಷ್ಟ, ಕೇಳುವವನ ನಡತೆಯೂ ನೆಟ್ಟಗಿರಬೇಕು.

"ಅದಕ್ಕೇ ಸಾರ್, ಸಿಂಕ್ ವಿಷಯ ಆವಾಗ್ಲೇ ಕೇಳಿದ್ದು" ಎಂದರು.

ಪರೀಕ್ಷಕರ ಗಡ್ಡದೊಳಗೆ ನಗು ಕಂಡಿತು. "ಮತ್ತೆ ಪದ್ಧತಿ?"

"ಪದ್ಧತಿ ನಿಲ್ಲಲ್ಲ ಸಾರ್. ಅದು ಆ ಊರಿಗೆ ಸೇರಿದ್ದಾಗಿರ್ಬೇಕು, ನ್ಯಾಯವಾಗಿರ್ಬೇಕು, ಜಗಳ ಇಲ್ದೆ ಬಿಡದೆ ನಡ್ಕೊಂಡು ಬಂದಿರ್ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ರಿಚರ್ಡ್ ರಾಜ ಪಟ್ಟಕ್ಕೆ ಬಂದ ಸಾವಿರದ ನೂರ ಎಂಬತ್ತೊಂಬತ್ತನೇ ಇಸವಿಯಿಂದ್ಲೂ ಇರ್ಬೇಕು ಅಂತ ಲೆಕ್ಕ. ನಮ್ಮ ಮೇಲಿನ ಮನೆ ಕಟ್ಟಿದ್ದೇ ಮಾವನೋರು!"

"ನಿಮ್ಮ ಮೇಲಿನ ಮನೆಯೇ?" ಎಂದರು ಪರೀಕ್ಷಕರು.

ಅಕ್ಕ ತಲೆ ತಗ್ಗಿಸಿದರು. "ಹೌದು ಸಾರ್. ಇಪ್ಪತ್ತೆರಡು ವರ್ಷದಿಂದ ನಾವೂ ಹಿಂಗೇ ಬೀಗ ತೆಕ್ಕೊಂಡು ಹೋಗ್ತಾ ಇದೀವಿ. ತಪ್ಪು ಅಂತ ಗೊತ್ತಾಗಿದ್ದು ಈಗ, ಬಾಯ್ಬಿಟ್ಟು ಹೇಳ್ತಿರೋವಾಗ್ಲೇ. ಬಾಡಿಗೆದಾರಾನೇ ಗೆಲ್ತಾನೆ ಸಾರ್. ನಾವೇ ಸೋಲೋದು."

"ಈ ಪ್ರಶ್ನೆಯನ್ನು ಎಷ್ಟೋ ಜನರಿಗೆ ಕೇಳಿದ್ದೇನೆ" ಎಂದರು ಆ ಹಿರಿಯರು. "ಸಲಹೆ ಕೊಟ್ಟವರು ಬಹಳ ಜನ. ತಪ್ಪೊಪ್ಪಿಕೊಂಡವರು ನೀವೊಬ್ಬರೇ. ನೀವು ಪಾಸಾಗಿದ್ದೀರಿ."

ಪರದೆ ಆರಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಕುರ್ಚಿಯಲ್ಲೇ ಕೂತು ನಗುತ್ತಿದ್ದೆ, ಅಳುತ್ತಲೂ ಇದ್ದೆ. ಶಿವಾಜಿನಗರದವಳು ಬಾಗಿಲು ತಳ್ಳಿಕೊಂಡು ಬಂದು ಅಕ್ಕನನ್ನು ಬಾಚಿ ತಬ್ಬಿಕೊಂಡಳು. ಮ್ಯಾನೇಜರ್ ಹುಡುಕುತ್ತಿದ್ದ ಕಾಗದ ಅವರ ಕೈಯಲ್ಲೇ ಇತ್ತು, ಅಕ್ಕನನ್ನು ಖಾಯಂ ಮಾಡುವ ಆರ್ಡರು. ಆಗಲೇ ಟೈಪ್ ಮಾಡಿಸಿಟ್ಟುಕೊಂಡಿದ್ದ ಪುಣ್ಯಾತ್ಮ.

"ಮೊದ್ಲು ಮನೆಗೆ ಫೋನ್ ಮಾಡಿ ಅಕ್ಕ" ಎಂದರು ಎಲ್ಲರೂ. ಅಕ್ಕ ಫೋನು ತೆಗೆದು ಸ್ಪೀಕರ್ ಹಾಕಿದರು. ಆ ಕಡೆಯಿಂದ ಅತ್ತೆಯ ಹಲೋ ಕೇಳಿಸಿದ್ದೇ ತಡ, ಪಾಸು, ಕೆಲಸ, ಆರ್ಡರು ಎಲ್ಲ ಮರೆತುಹೋಗಿ ಅಕ್ಕ ಕಿರುಚಿದರು.

"ಅತ್ತೇ, ಇನ್ಮೇಲಿಂದ ಮೇಲಿನ ಮನೆ ಬೀಗ ತೆಕ್ಕೊಂಡು ಒಳಗೆ ಹೋಗ್ಬೇಡಿ! ಕಾನೂನಿನ ಪ್ರಕಾರ ಅದು ದೊಡ್ಡ ತಪ್ಪು!"

ಅತ್ತೆಯ ದನಿ ಬಹಳ ಮೆಲ್ಲಗೆ, ಗುಟ್ಟು ಹೇಳುವ ಹಾಗೆ ಬಂತು.

"ಮೆತ್ತಗೆ ಮಾತಾಡೇ, ಒಳಗೇ ಇದೀನಿ. ಅದಿರ್ಲಿ, ನೀನು ಪಾಸಾ ಫೇಲಾ?"